ಉಡದ ಚರ್ಮದ ವಿಶೇಷ ಆವೃತ್ತಿ

ನನ್ನ ಸೋದರಮಾವ ಕಾಪುವಿನಿಂದ ಕಾರ್ಕಳದವರೆಗೆ ಅತ್ಯುತ್ತಮ ಫೋಟೋಗ್ರಾಫರ್ ಆಗಿದ್ದರು. ಇದನ್ನು ಅವರೇ ಹೇಳುತ್ತಿದ್ದರು. ಅವರು ತೆಗೆದ ಒಂದು ಫೋಟೋವನ್ನೂ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದ್ದರಿಂದ ಈ ಮಾತು ಸುಳ್ಳೆಂದು ಸಾಧಿಸಲು ಯಾರಿಗೂ ಆಗಲಿಲ್ಲ. ಬೇರೆಯವರು ಫೋಟೋ ತೆಗೆದು ಹೆಸರು ಕೆಡಿಸಿಕೊಳ್ಳುತ್ತಾರೆ. ಮಾವ ಆ ತಪ್ಪು ಮಾಡಲಿಲ್ಲ!

ಹಾಗೆಂದು ಅವರ ಬಳಿ ಕ್ಯಾಮೆರಾ ಇರಲಿಲ್ಲವೆಂದು ತಿಳಿಯಬೇಡಿ. ಇದ್ದದ್ದೇ ಕ್ಯಾಮೆರಾ. ಹನ್ನೆರಡು ವರ್ಷ ಬೊಂಬಾಯಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಐವತ್ತರ ದಶಕದ ಆರಂಭದಲ್ಲಿ ಊರಿಗೆ ಮರಳಿದ ಮಾವ, ಎಲ್ಲರೂ ತರುವ ಹಾಗೆ ಟ್ರಂಕು, ಕೊಡೆ, ಸೆಂಟಿನ ಬಾಟಲಿ ತರಲಿಲ್ಲ. ಕೊರಳಿಗೆ ಒಂದು ಜರ್ಮನ್ ಕ್ಯಾಮೆರಾ ತೂಗಹಾಕಿಕೊಂಡು ಬಂದರು. ಯುದ್ಧಕ್ಕೆ ಮುಂಚಿನದು, ಕಪ್ಪು ಬಣ್ಣದ್ದು, ಅಂಗೈಗಿಂತ ಸ್ವಲ್ಪವೇ ದೊಡ್ಡದು, ಯಾರೋ ಬಳಸಿ ಮಾರಿದ್ದು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು.

"ಇದರಲ್ಲಿ ಹಾಡು ಬರ್ತದಾ?"

"ಇಲ್ಲ."

"ಮತ್ತೆ ಎಂತಕ್ಕೆ?"

ಈ ಪ್ರಶ್ನೆಗೆ ಮುಂದಿನ ಹತ್ತು ವರ್ಷವೂ ಮಾವನಿಂದ ತೃಪ್ತಿಕರವಾದ ಉತ್ತರ ಬರಲಿಲ್ಲ.

ನಮ್ಮ ಮನೆಮಾತು ತುಳು. ಆದರೆ ಕ್ಯಾಮೆರಾದ ವಿಷಯ ಬಂತೆಂದರೆ ಮಾವ ಪಂಚೆ ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡುವವರಂತೆ ಕನ್ನಡಕ್ಕೆ ಬರುತ್ತಿದ್ದರು. ಎಳನೀರು ತೆಗೆಯಲು ಬಂದವನಿರಲಿ, ಅಂಚೆಯವನಿರಲಿ, ಜಗಲಿ ಹತ್ತಿದವರಿಗೆಲ್ಲ ಅದರ ಚರಿತ್ರೆ ಕೇಳದೆ ಇಳಿಯುವ ಹಾಗಿರಲಿಲ್ಲ.

"ಇದನ್ನು ಕಂಡುಹಿಡಿದವನಿಗೆ ಉಬ್ಬಸ, ಗೊತ್ತುಂಟಾ? ಆಗಿನ ಕ್ಯಾಮೆರಾ ಅಂದರೆ ದೊಡ್ಡ ಪೆಟ್ಟಿಗೆ, ಮೂರು ಕಾಲು, ಗಾಜಿನ ತಟ್ಟೆಗಳು. ಅಷ್ಟನ್ನೂ ಹೊತ್ತುಕೊಂಡು ಗುಡ್ಡ ಹತ್ತಲಿಕ್ಕೆ ಅವನಿಗೆ ಆಗುದಿಲ್ಲ, ದಮ್ಮು ಕಟ್ತದೆ. ಅದಕ್ಕೇ ಸಿನೆಮಾದ ಫಿಲ್ಮನ್ನು ಅಡ್ಡ ಮಲಗಿಸಿ, ಕಿಸೆಯಲ್ಲಿ ಹಿಡಿಯುವಂಥದ್ದು ಮಾಡಿದ. ಉಬ್ಬಸ ಇಲ್ಲದಿದ್ದರೆ ಈ ಕ್ಯಾಮೆರಾ ಇಲ್ಲ!"

ಮಾವನಿಗೂ ಉಬ್ಬಸವಿತ್ತು. ಎಲ್ಲೋ ಜರ್ಮನಿಯಲ್ಲಿ ಕೂತ ಆ ಮಹಾಶಯ ಕಾಪುವಿನ ತಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮಾಡಿದ್ದಾನೆಂದು ಅವರು ಬಲವಾಗಿ ನಂಬಿದ್ದರು. ಕೇಳುತ್ತಾ ಕೂತವರ ಎದೆ ಗಟ್ಟಿಯಾಗಿದ್ದರೆ ಅವರತ್ತ ಕನಿಕರದಿಂದ ನೋಡಿ, "ನಿಮಗೆ ಇದು ಅರ್ಥ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದರು.

ಈ ಕ್ಯಾಮೆರಾದಲ್ಲಿ ನಾವು ನೋಡುವ ಕಿಟಕಿಯೇ ಬೇರೆ, ಚಿತ್ರ ಹಿಡಿಯುವ ಗಾಜೇ ಬೇರೆ. ಕಿಟಕಿಯಲ್ಲಿ ಎದುರಿಗಿರುವ ಮನುಷ್ಯ ಮೊದಲು ಇಬ್ಬರಾಗಿ ಕಾಣುತ್ತಾನೆ. ಗಾಜಿನ ಸುತ್ತಲಿನ ಉಂಗುರವನ್ನು ತಿರುಗಿಸುತ್ತಾ ಹೋದರೆ ಇಬ್ಬರೂ ಹತ್ತಿರ ಹತ್ತಿರ ಬಂದು ಒಬ್ಬನಾಗುತ್ತಾರೆ. ಆಗ ಒತ್ತಬೇಕು. ಬಲ್ಲವರಿಗೆ ಇದು ಕ್ಷಣದ ಕೆಲಸವಂತೆ. ಮಾವನಿಗೆ ಹದಿನೈದು ನಿಮಿಷ. "ಇಬ್ಬರಿದ್ದೀರಿ... ಈಗಲೂ ಇಬ್ಬರಿದ್ದೀರಿ... ಅಲ್ಲಾಡಬೇಡಿ ಮಾರಾಯ್ರೇ, ಒಂದೂವರೆ ಆಗಿದ್ದೀರಿ!" ಎಂದು ಅವರು ಕೂಗುತ್ತಿದ್ದರೆ, ಎದುರಿನವರು ತಮ್ಮ ಮೈಯನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಮ್ಮೆ ಕಾಪುವಿನ ಸಮುದ್ರದಂಡೆಯಲ್ಲಿ ಒಬ್ಬ ಮೀನುಗಾರನಿಗೆ ಭಾರೀ ಅಂಜಲ್ ಮೀನು ಸಿಕ್ಕಿತು. ಅವನ ತೋಳಿನಷ್ಟೇ ಉದ್ದ. ಪಾಪ, ಆಸೆಪಟ್ಟು ಮಾವನ ಮುಂದೆ ಅದನ್ನು ಎತ್ತಿಹಿಡಿದು ನಿಂತ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಬಿಸಿಲು ಏರಿತು. ಮೀನು ಕೊಳ್ಳುವವರೆಲ್ಲ ದಂಡೆಯ ಆ ತುದಿಯಲ್ಲಿ ಸೇರುತ್ತಿದ್ದರು.

"ಆಯ್ತಾ ಅಣ್ಣಾ?"

"ತಡಿ ಮಾರಾಯ, ಮೀನು ಇನ್ನೂ ಎರಡುಂಟು."

"ಎರಡುಂಟಾದರೆ ಒಂದನ್ನು ನೀವು ಇಟ್ಕೊಳ್ಳಿ ಅಣ್ಣಾ, ಇನ್ನೊಂದನ್ನು ನಾನು ಮಾರಿ ಬರ್ತೇನೆ" ಎಂದು ಅವನು ಹೊರಟೇಬಿಟ್ಟ. ಮಾವ ಕ್ಯಾಮೆರಾ ಇಳಿಸಿ, "ಹೇಗೂ ಬೆಳಕು ಸರಿ ಇರಲಿಲ್ಲ" ಎಂದರು.

ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ. ಆದರೆ ನನ್ನ ನಗು ಪೂರ್ತಿಯಾಗುತ್ತಿರಲಿಲ್ಲ. ಏಕೆಂದರೆ ಆ ಕ್ಯಾಮೆರಾದೊಳಗಿನ ರೀಲಿನಲ್ಲಿ ನನ್ನ ಅಮ್ಮ ಇದ್ದಳು.

ಅಮ್ಮ ಮಾವನ ಒಬ್ಬಳೇ ತಂಗಿ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಪ್ಪ ಬೊಂಬಾಯಿಯಲ್ಲಿ, ಅಮ್ಮ ಮತ್ತು ನಾನು ಮಾವನ ಜೊತೆ. ಮಾವ ಊರಿಗೆ ಬಂದ ವರ್ಷ, ನನಗೆ ಐದು ತುಂಬಿದ್ದಾಗ, ಅಂಗಳದಲ್ಲಿ ಅಮ್ಮನನ್ನು ನಿಲ್ಲಿಸಿ ಒಂದು ಫೋಟೋ ತೆಗೆದರು. ಒಂದು ತಿಂಗಳಿಗೆ ಅವಳಿಗೆ ಜ್ವರ ಬಂತು. ಮೂರು ದಿನ ಮಲಗಿದಳು, ನಾಲ್ಕನೆಯ ದಿನ ಇರಲಿಲ್ಲ. ಅವಳ ಮದುವೆ ಮನೆಯಂಗಳದಲ್ಲಿ ಫೋಟೋಗೀಟೋ ಇಲ್ಲದೆ ಆಗಿಹೋಗಿತ್ತು. ಅವಳದೆಂದು ಬೇರೆ ಚಿತ್ರವೇ ಇಲ್ಲ. ಐದು ವರ್ಷದ ಮಗುವಿಗೆ ಎಷ್ಟು ನೆನಪಿದ್ದೀತು? ಬಳೆಯ ಸದ್ದು ನೆನಪಿತ್ತು, ಎಣ್ಣೆ ತಿಕ್ಕುವ ಕೈ ನೆನಪಿತ್ತು. ಮುಖ ಹೋಗಿಬಿಟ್ಟಿತ್ತು. ಕನ್ನಡಿಯ ಮುಂದೆ ನಿಂತು ನನ್ನ ಮುಖದಲ್ಲಿ ಅವಳ ಪಾಲು ಯಾವುದೆಂದು ಹುಡುಕುತ್ತಿದ್ದೆ.

ಅವಳು ಆ ರೀಲಿನ ಒಂಬತ್ತನೆಯ ಚಿತ್ರ. ಮೊದಲ ಎಂಟು ಬೊಂಬಾಯಿಯವು. ರೀಲಿನಲ್ಲಿ ಒಟ್ಟು ಮೂವತ್ತಾರು. ಅಷ್ಟೂ ಮುಗಿಯದೆ ತೊಳೆಯಲು ಕೊಡುವುದಿಲ್ಲವೆಂದು ಮಾವನ ಹಟ.

"ಅರ್ಧ ಬೆಂದ ಅನ್ನ ಬಡಿಸ್ತಾರಾ?" ಎನ್ನುತ್ತಿದ್ದರು.

ಕ್ಯಾಮೆರಾದ ನೆತ್ತಿಯಲ್ಲಿ ಎಷ್ಟು ಚಿತ್ರವಾಯಿತೆಂದು ತೋರಿಸುವ ಚಿಕ್ಕ ಚಕ್ರವಿತ್ತು. ಬೇರೆ ಮಕ್ಕಳು ಬಾಗಿಲ ಚೌಕಟ್ಟಿನಲ್ಲಿ ತಮ್ಮ ಎತ್ತರದ ಗೆರೆ ನೋಡಿದರೆ ನಾನು ಆ ಚಕ್ರ ನೋಡುತ್ತಿದ್ದೆ. ಮೂರನೆಯ ತರಗತಿಯಲ್ಲಿ ಅದು ಹನ್ನೆರಡಕ್ಕಿತ್ತು. ಹೈಸ್ಕೂಲು ಸೇರಿದಾಗ ಹದಿನೇಳು. ಹದಿನೈದು ತುಂಬುವಾಗ ಹತ್ತೊಂಬತ್ತು. ಈ ವೇಗದಲ್ಲಿ ನಾನು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನನ್ನ ತಾಯಿಯ ಮುಖ ನೋಡಬೇಕಿತ್ತು!

"ಮಾವ, ಸುಮ್ಮನೆ ಆಕಾಶಕ್ಕೆ ಹಿಡಿದು ಹದಿನೇಳು ಸಲ ಒತ್ತಿಬಿಡಿ. ಮುಗಿಯಲಿ."

ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೋದವಳನ್ನು ನೋಡುವಂತೆ ಮಾವ ನನ್ನನ್ನು ನೋಡಿದರು. "ಈ ಕ್ಯಾಮೆರಾದಲ್ಲಿ ಆಕಾಶ ತೆಗೀಲಿಕ್ಕುಂಟಾ ಮಾರಾಯ್ತಿ? ಆಕಾಶ ಒಂದೇ ಉಂಟಾ, ಎರಡುಂಟಾ ಅಂತ ಗೊತ್ತಾಗುದು ಹೇಗೆ?"

ಅಷ್ಟರಲ್ಲಿ ಕ್ಯಾಮೆರಾಕ್ಕೆ ಹೊಸ ಪದವಿ ಬಂತು. ಕೈ ತಾಗಿ ತಾಗಿ ಅದರ ಅಂಚುಗಳ ಕಪ್ಪು ಬಣ್ಣ ಸವೆದು ಒಳಗಿನ ಹಳದಿ ಲೋಹ ಹೊಳೆಯತೊಡಗಿತ್ತು. ಬೊಂಬಾಯಿಯಿಂದ ತಂದ ಹಳೆಯ ಕ್ಯಾಟಲಾಗೊಂದು ಮಾವನ ತಲೆದಿಂಬಿನ ಕೆಳಗೆ ಇರುತ್ತಿತ್ತು. ಅದರ ಪ್ರಕಾರ ಆ ಕ್ಯಾಮೆರಾದಲ್ಲಿ ನಾನಾ ವಿಶೇಷ ಆವೃತ್ತಿಗಳಿದ್ದವು: ವಿಮಾನ ಹಾರಿಸುವ ಸೈನಿಕರಿಗೆಂದು ಬೂದಿ ಬಣ್ಣದ್ದು, ಎರಡೂ ಪಕ್ಕ ಊದಿಕೊಂಡು ಒಂದೇ ರೀಲಿನಲ್ಲಿ ಇನ್ನೂರೈವತ್ತು ಚಿತ್ರ ಹಿಡಿಯುವಂಥದ್ದು. (ಅದು ಮಾವನ ಕೈಗೆ ಸಿಗದಂತೆ ಮಾಡಿದ ದೇವರಿಗೆ ನಾನು ಈಗಲೂ ಕೈಮುಗಿಯುತ್ತೇನೆ.) ಎಲ್ಲಕ್ಕಿಂತ ಮೇಲೆ, ಶ್ರೀಮಂತರಿಗಾಗಿ ಕೆಲವೇ ಕೆಲವು ಮಾಡಿದ್ದು: ಮೈಗೆ ಚಿನ್ನದ ಲೇಪ, ಹೊರಗೆ ಹಲ್ಲಿಜಾತಿಯ ಪ್ರಾಣಿಯ ಚರ್ಮದ ಹೊದಿಕೆ.

"ಒಳಗಿಂದ ಚಿನ್ನ ಹೊರಡ್ತಾ ಉಂಟು!" ಎಂದು ಮಾವ ಒಂದು ಬೆಳಿಗ್ಗೆ ಘೋಷಿಸಿದರು. ಯುದ್ಧದಲ್ಲಿ ಕಳ್ಳರಿಗೆ ತಿಳಿಯಬಾರದೆಂದು ಯಾರೋ ಜಾಣ ಮೇಲಿನಿಂದ ಕಪ್ಪು ಬಳಿದಿದ್ದಾನೆಂಬುದು ಅವರ ಸಂಶೋಧನೆ. ನನ್ನನ್ನು ಕರೆದುಕೊಂಡು ಉಡುಪಿಯ ಒಬ್ಬ ಅಕ್ಕಸಾಲಿಗರ ಬಳಿಗೆ ಹೋದರು. ಅವರು ಕ್ಯಾಮೆರಾದ ಅಂಚನ್ನು ಒರೆಗಲ್ಲಿಗೆ ತಿಕ್ಕಿ ನೋಡಿದರು.

"ಹಿತ್ತಾಳೆ."

"ಸರಿಯಾಗಿ ನೋಡಿ."

ಅವರು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಸರಿಯಾಗಿ ನೋಡಿದರೆ ಒಳ್ಳೆಯ ಹಿತ್ತಾಳೆ."

ಬೇರೆ ಯಾರಾದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಮಾವ ಬಸ್ಸಿನಲ್ಲಿ ಯೋಚಿಸುತ್ತಾ ಕೂತು, ಚಿನ್ನ ತಮ್ಮ ಕೈಯಲ್ಲಿಲ್ಲ, ಚರ್ಮವನ್ನಾದರೂ ಹೊದಿಸಬಹುದಲ್ಲ ಎಂಬ ತೀರ್ಮಾನಕ್ಕೆ ಬಂದರು. ನಮ್ಮೂರ ಭಜನೆಯವರಲ್ಲಿ ಚೌಕಟ್ಟು ಸೀಳಿದ ಒಂದು ಹಳೆಯ ಕಂಜಿರ ಇತ್ತು. ಕಂಜಿರಕ್ಕೆ ಬಿಗಿಯುವುದು ಉಡದ ಚರ್ಮ. ಮಾವ ಅದನ್ನು ಬೇಡಿ ತಂದು, ನೆನೆಹಾಕಿ, ಕತ್ತರಿಸಿ, ಮೈದಾದ ಅಂಟಿನಿಂದ ಕ್ಯಾಮೆರಾಕ್ಕೆ ಅಂಟಿಸಿದರು. ಹೀಗೆ ಜರ್ಮನಿಗೆ ಸುದ್ದಿಯೇ ಇಲ್ಲದೆ ಕಾಪುವಿನಲ್ಲಿ ಒಂದು ವಿಶೇಷ ಆವೃತ್ತಿ ಹೊರಬಂತು. ಒಟ್ಟು ತಯಾರಾದದ್ದು ಒಂದು. ಭಜನೆಯ ಹಿರಿಯರೊಬ್ಬರು ಅದನ್ನು ಬೆರಳಿನಿಂದ ತಟ್ಟಿ, "ನಾದ ಈಗಲೂ ಉಂಟು" ಎಂದು ಮೆಚ್ಚಿದರು.

ಮೊದಲ ಮಳೆ ಬೀಳುತ್ತಲೇ ವಿಶೇಷ ಆವೃತ್ತಿ ನಾರತೊಡಗಿತು. ನೆರೆಮನೆಯ ನಾಯಿ ಮಾವನನ್ನು ಬಿಟ್ಟು ಅಗಲಲಿಲ್ಲ. ಅತ್ತೆ ಮಾತ್ರ ಕಡ್ಡಿ ಮುರಿದಂತೆ ಹೇಳಿದರು: "ಆ ಉಡ ಅಡಿಗೆಮನೆಗೆ, ಅಕ್ಕಿಯ ಹತ್ತಿರ ಬಂದರೆ ನಾನು ಈ ಮನೆಯಲ್ಲಿ ಇರುದಿಲ್ಲ."

ಇಲ್ಲೇ ಇದ್ದದ್ದು ತೊಂದರೆ. ನಮ್ಮ ಕಡೆಯ ಮಳೆಗಾಲದಲ್ಲಿ ಕ್ಯಾಮೆರಾದ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಒಣಗಿರುವ ಜಾಗ ಒಂದೇ, ಅಕ್ಕಿಯ ಮುಡಿಯ ಒಳಗೆ. ಮುಡಿ ಎಂದರೆ ಬೈಹುಲ್ಲಿನಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಸುತ್ತಿ ಬಿಗಿದು, ಮರದ ತುಂಡಿನಿಂದ ಬಡಿದು ಬಡಿದು ಚೆಂಡಿನಂತೆ ದುಂಡಗೆ ಮಾಡಿದ್ದು. ಮೇಲೆ ನೀರು ತೊಟ್ಟಿಕ್ಕಿದರೂ ಒಳಗಿನ ಅಕ್ಕಿಗೆ ತಿಳಿಯುವುದಿಲ್ಲ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಮಾವ ಮುಡಿ ಕಟ್ಟುವವನನ್ನು ಒಲಿಸಿ, ಕ್ಯಾಮೆರಾವನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಒಂದು ಮುಡಿಯ ಹೊಟ್ಟೆಯೊಳಗೆ ಸೇರಿಸಿದರು. ಗುರುತಿಗೆ ಹಗ್ಗಕ್ಕೊಂದು ಕೆಂಪು ನೂಲು ಕಟ್ಟಿಸಿದರು. ಮುಡಿ ಅಟ್ಟ ಸೇರಿತು. ವಿಷಯ ತಿಳಿದಿದ್ದವರು ಮೂವರು: ಮಾವ, ಮುಡಿ ಕಟ್ಟಿದವನು, ಮತ್ತು ಚಕ್ರ ನೋಡಬೇಕೆಂದು ಹಟ ಹಿಡಿದು ಗುಟ್ಟು ಹೊರಡಿಸಿದ ನಾನು.

ಮಳೆ ಇಳಿಮುಖವಾಗುವ ಸೋಣ ತಿಂಗಳಿನಲ್ಲಿ ಅತ್ತೆಯ ಕೊನೆಯ ತಂಗಿಗೆ ಕಾರ್ಕಳದ ಗಂಡನ ಮನೆಯಲ್ಲಿ ಸೀಮಂತ. ಊಟಕ್ಕೆಂದು ಅತ್ತೆ ಹಿಂದಿನ ದಿನವೇ ಎರಡು ಮುಡಿ ಅಕ್ಕಿಯನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿ ಕಳಿಸಿದ್ದರು. ಅಟ್ಟದಲ್ಲಿದ್ದ ಆರರಲ್ಲಿ ಒಳ್ಳೆಯ ಎರಡನ್ನು ಆರಿಸಿದ್ದರು. ಒಂದಕ್ಕೆ ಕೆಂಪು ನೂಲು ಕಟ್ಟಿದ್ದು ನೋಡಿ, ಶುಭಕಾರ್ಯಕ್ಕೆಂದೇ ಯಾರೋ ತೆಗೆದಿಟ್ಟಿದ್ದಾರೆಂದು ಅದನ್ನೇ ಮೊದಲು ಇಳಿಸಿದ್ದರು.

ಬೆಳಿಗ್ಗೆ ಅಟ್ಟ ನೋಡಿದರೆ ಕೆಂಪು ನೂಲಿನ ಮುಡಿ ಇಲ್ಲ. ಓಡಿಹೋಗಿ ಮಾವನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

"ಹೌದಾ? ಹೋಗಲಿ ಬಿಡು."

ಹೋಗಲಿ ಬಿಡು! ಹತ್ತು ವರ್ಷ ಮಗುವಿಗಿಂತ ಹೆಚ್ಚಾಗಿ ಸಾಕಿದ ಕ್ಯಾಮೆರಾ! "ಹೋಗಲಿ ಅಂದರೆ ಎಂತ ಮಾವ? ಅಮ್ಮ ಅದರಲ್ಲಿದ್ದಾಳೆ!" ಎಂದು ನಾನು ಕಿರುಚಿದೆ. ಮಾವ ಎಲೆ ಮಡಚಿದರು.

ಹೇಗೂ ಸೀಮಂತಕ್ಕೆ ಹೋಗಬೇಕಿತ್ತು. ಮೂವರೂ ಬಸ್ಸು ಹತ್ತಿದೆವು. ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ, ಏನೂ ಅರಿಯದೆ, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಾವ ನನ್ನ ಕಿವಿಯ ಬಳಿ ಪಿಸುಗುಟ್ಟಿದರು: "ಅವರು ಕ್ಯಾಮೆರಾದ ಅಡಿಯ ತಟ್ಟೆ ತಿರುಗಿಸಿ ತೆರೆದಿರಲಿಕ್ಕೂ ಸಾಕು. ಬೆಳಕು ತಾಗಿದರೆ ಫಿಲ್ಮು ಪೂರಾ ಹೋಗ್ತದೆ." ಆ ದನಿಯಲ್ಲಿ ಭಯವಿರಲಿಲ್ಲ. ಆಸೆಯಂತೆ ಏನೋ ಇತ್ತು. ನಾನು ಅದನ್ನು ಉಬ್ಬಸವೆಂದುಕೊಂಡೆ.

ಕಾರ್ಕಳದ ಮನೆಯಲ್ಲಿ ಚಾವಡಿಯ ನಡುವೆ ಬಸುರಿ ಕೂತಿದ್ದಳು. ಪಕ್ಕದ ಹರಿವಾಣದಲ್ಲಿ ಹಸಿರು ಬಳೆ, ಹೂವು, ಹಣ್ಣು, ಅವುಗಳ ನಡುವೆ ನಮ್ಮ ಕ್ಯಾಮೆರಾ. ಉಡದ ಚರ್ಮಕ್ಕೆ ಅರಸಿನ ಕುಂಕುಮ ಹಚ್ಚಿ, ಒಂದು ಚೆಂಡು ಮಲ್ಲಿಗೆ ಮಾಲೆ ಸುತ್ತಿದ್ದರು. ಆ ಮನೆಯ ಹಿರಿಯಾಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಅಕ್ಕಿಯ ಒಳಗೆ ಬಂಗಾರದ ಉಡುಗೊರೆ ಅಡಗಿಸಿ ಕಳಿಸುವ ಕ್ರಮ ನಿಮ್ಮಲ್ಲಿ ಉಂಟು ಅಂತ ನಮಗೆ ಗೊತ್ತೇ ಇರ್ಲಿಲ್ಲ ನೋಡಿ!"

ಅತ್ತೆ ಹರಿವಾಣವನ್ನು ನೋಡಿದರು. ಮಾವನನ್ನು ನೋಡಿದರು. ಉಡ, ಅಕ್ಕಿ, ಮುಡಿ, ಕೆಂಪು ನೂಲು, ಎಲ್ಲವೂ ಆ ಒಂದು ನೋಟದಲ್ಲಿ ಅವರಿಗೆ ಅರ್ಥವಾಯಿತು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಉಂಟು" ಎಂದರು. "ಅಜ್ಜಿಯ ಕಾಲದಿಂದ ಉಂಟು."

ಆ ಮನೆಯವರು ಇಂದಿಗೂ ಸೀಮಂತಕ್ಕೆ ಕಳಿಸುವ ಅಕ್ಕಿಯಲ್ಲಿ ಏನಾದರೊಂದು ಅಡಗಿಸಿ ಇಡುತ್ತಾರೆಂದು ಕೇಳಿದ್ದೇನೆ.

ಬಸುರಿಯ ಮಡಿಲಿಗೆ ಹಾಕಿದ್ದನ್ನು ವಾಪಸು ಕೇಳುವುದುಂಟೇ? ಅವಳು ಬೇರೆ ಅದನ್ನು ಎತ್ತಿಕೊಂಡು ಮಗುವನ್ನು ಮುದ್ದಿಸುವಂತೆ ಮುದ್ದಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮಾವ, "ನಿನಗೇ ಇರಲಿ ತಂಗಿ" ಎಂದುಬಿಟ್ಟರು. ಹೇಳಿ ಹಗುರಾದವರಂತೆ ಉಸಿರುಬಿಟ್ಟರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ.

"ರೀಲು!"

"ಅದೂ ಇರಲಿ ಅಂತ..."

"ರೀಲು ಕೊಡಿ ಮಾವ!" ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮನೆತುಂಬ ಜನ ನೋಡುತ್ತಿದ್ದರು. ಮಾವ ನಿಧಾನಕ್ಕೆ, ತೀರ ನಿಧಾನಕ್ಕೆ, ಗುಂಡಿ ತಿರುಗಿಸಿ ಫಿಲ್ಮನ್ನು ಡಬ್ಬಿಯೊಳಕ್ಕೆ ಸುತ್ತಿ, ತೆಗೆದು ನನ್ನ ಕೈಗಿಟ್ಟರು. ಊಟ ಮುಗಿಯುವವರೆಗೂ ಅದನ್ನು ಎಡಗೈ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಅತ್ತೆ ತಂಗಿಯ ಜೊತೆ ಉಳಿದರು. ನಾನೂ ಮಾವನೂ ಹಿರಿಯಡಕ, ಮಣಿಪಾಲ ದಾಟಿ ಸಂಜೆಗೆ ಉಡುಪಿಯಲ್ಲಿ ಇಳಿದೆವು. ರಥಬೀದಿಯ ಹತ್ತಿರ ಒಂದು ಸ್ಟುಡಿಯೋ ಇತ್ತು. ಅದರ ಮೆಟ್ಟಿಲಿನವರೆಗೆ ಮಾವನನ್ನು ಎಳೆದುಕೊಂಡು ಬಂದೆ. ಮೆಟ್ಟಿಲಲ್ಲಿ ಅವರು ನಿಂತುಬಿಟ್ಟರು.

"ಮೊದಲು ಒಂದು ಕಾಫಿ ಕುಡಿಯುವ ಮಗಾ."

ಎದುರಿನ ಹೋಟೆಲಿನಲ್ಲಿ ಕೂತೆವು. ಕಾಫಿ ಬಂತು. ಮಾವ ಕುಡಿಯಲಿಲ್ಲ. ಈ ಸಲ ಕ್ಯಾಮೆರಾದ ವಿಷಯವನ್ನೂ ತುಳುವಿನಲ್ಲೇ ಹೇಳಿದರು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂಬತ್ತನೆಯದರಲ್ಲಿ ಎಂತದೂ ಇಲ್ಲ."

ನಾನು ರೀಲನ್ನು ಮೇಜಿನ ಮೇಲಿಟ್ಟೆ.

"ಗಾಜಿನ ಮುಚ್ಚಳ ತೆಗೆದಿರಲಿಲ್ಲ. ಕಿಟಕಿ ಬೇರೆ ಅಲ್ವಾ, ಅದರಲ್ಲಿ ಎಲ್ಲ ಚಂದ ಕಾಣ್ತಾ ಇತ್ತು. ಒತ್ತಿದ ಮೇಲೆ ಮುಚ್ಚಳ ಹಾಕುವ ಅಂತ ನೋಡಿದೆ. ಅದು ಅಲ್ಲೇ ಇತ್ತು."

"ಆಗಲೇ ಇನ್ನೊಂದು ತೆಗೀಬಹುದಿತ್ತಲ್ಲ!"

"ಹದಿನೈದು ನಿಮಿಷ ನಿಲ್ಲಿಸಿದ್ದೆ ಅವಳನ್ನು. ಹೇಳಲಿಕ್ಕೆ ನಾಚಿಕೆ ಆಯ್ತು. ನಾಳೆ ತೆಗೆದರಾಯ್ತು ಅಂದುಕೊಂಡೆ. ಆ ನಾಳೆ ಮಾಡ್ತಾ ಮಾಡ್ತಾ ತಿಂಗಳಾಯ್ತು." ಮಾವ ಲೋಟವನ್ನು ಸುಮ್ಮನೆ ತಿರುಗಿಸಿದರು. "ಅವಳು ಹೋದ ಮೇಲೆ ನೀನು ಕಂಡವರಿಗೆಲ್ಲ ಹೇಳ್ತಾ ಇದ್ದಿ, ನನ್ನ ಅಮ್ಮ ಮಾವನ ಕ್ಯಾಮೆರಾದಲ್ಲಿ ಇದ್ದಾಳೆ ಅಂತ. ಅದನ್ನು ಹೇಳಿಯೇ ಊಟ ಮಾಡ್ತಿದ್ದಿ, ಹೇಳಿಯೇ ಮಲಗ್ತಿದ್ದಿ. ರೀಲು ಮುಗಿದರೆ ತೊಳೀಬೇಕು. ತೊಳೆದರೆ ನಿನಗೆ ಗೊತ್ತಾಗ್ತದೆ. ಹಾಗೆ ಮುಗಿಸಲಿಲ್ಲ."

ನನಗೆ ಸಿಟ್ಟು ಬಂತು. ಲೋಟ ಎತ್ತಿ ಎಸೆಯುವಷ್ಟು ಬಂತು. ಹತ್ತು ವರ್ಷ ನಾನು ಕಾದದ್ದು ಒಂದು ಕಪ್ಪು ಚೌಕಕ್ಕೆ! ಆಮೇಲೆ ಮಾವನ ಮುಖ ನೋಡಿದೆ. ಫೋಟೋ ತೆಗೆಯಲು ಬಾರದ ಫೋಟೋಗ್ರಾಫರನೆಂದು ಊರಿಡೀ ನಕ್ಕಾಗ ಈ ಮನುಷ್ಯ ಬೇಕೆಂದೇ ನಗಿಸಿಕೊಂಡಿದ್ದರು. ಬೆಳಕು ಸರಿಯಿದ್ದಾಗಲೂ ಸರಿಯಿಲ್ಲವೆಂದಿದ್ದರು. ಬೊಂಬಾಯಿಯ ತಮ್ಮ ಎಂಟು ಚಿತ್ರಗಳನ್ನೂ ನೋಡದೆ ಬಿಟ್ಟಿದ್ದರು. ಅಷ್ಟು ಪ್ರೀತಿ ನನಗೆ ಯಾರ ಮೇಲೂ ಎಂದೂ ಬಂದಿರಲಿಲ್ಲ. ಸಿಟ್ಟು ಮಾತ್ರ ಹೋಗಲಿಲ್ಲ, ಪಕ್ಕದಲ್ಲೇ ಕೂತಿತ್ತು.

"ಕಿಟಕಿಯಲ್ಲಿ ಚಂದ ಕಾಣ್ತಿತ್ತು ಅಂದಿರಲ್ಲ" ಎಂದೆ. "ಎಂತ ಕಾಣ್ತಿತ್ತು?"

ಮಾವ ಎಡಗಣ್ಣು ಮುಚ್ಚಿದರು.

"ಹಸಿರು ಸೀರೆ ಉಟ್ಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮೂಗು ನಿನ್ನದೇ. ಹಣೆ ನಿನ್ನದಕ್ಕಿಂತ ಸ್ವಲ್ಪ ಅಗಲ. ನಗು ಬಂದರೆ ಕೆಳತುಟಿ ಕಚ್ಚಿ ಹಿಡೀತಿದ್ದಳು, ಹಿಡಿದಷ್ಟೂ ಕಣ್ಣಲ್ಲಿ ಬರ್ತಿತ್ತು. ಎಡಗೆನ್ನೆಯಲ್ಲಿ ಒಲೆಯ ಮಸಿ ತಾಗಿತ್ತು. ಹೇಳಿದರೆ ಒರೆಸಲಿಕ್ಕೆ ಒಳಗೆ ಓಡ್ತಾಳೆ ಅಂತ ನಾನು ಹೇಳಲಿಲ್ಲ. ಅಣ್ಣಾ ಆಯ್ತಾ, ಅಲ್ಲಿ ಗಂಜಿ ಉಕ್ಕಿ ಹೋಗ್ತದೆ ಅಂತ ಕೇಳ್ತಾನೇ ಇದ್ದಳು. ನೀನು ಅವಳ ಹಿಂದೆ ನಿಂತು ಒಂದು ಕಣ್ಣಿನಿಂದ ಇಣುಕುತ್ತಿದ್ದಿ. ಅವಳು ಹಿಂದೆ ಕೈ ಹಾಕಿ ನಿನ್ನ ತಲೆ ಹಿಡಿದುಕೊಂಡಿದ್ದಳು."

ಹದಿನೈದು ನಿಮಿಷ ಅವಳನ್ನು ಅಷ್ಟು ಸರಿಯಾಗಿ ನೋಡಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಕಾಫಿ ಆರಿ ಕೆನೆಗಟ್ಟಿತು. ನಾನು ಕಣ್ಣೊರೆಸಿಕೊಂಡೆ.

"ಇನ್ನೊಮ್ಮೆ ಹೇಳಿ ಮಾವ."

ಮಾವ ಮತ್ತೆರಡು ಕಾಫಿಗೆ ಹೇಳಿ, ಮೊದಲಿನಿಂದ ಶುರುಮಾಡಿದರು. ಅಂದು ಸಂಜೆ ಒಟ್ಟು ಮೂರು ಸಲ ಹೇಳಿಸಿದೆ. ಮೂರು ಸಲವೂ ಮಸಿ ಎಡಗೆನ್ನೆಯಲ್ಲೇ ಇತ್ತು.